ಅರವತ್ತೊಂದು ಜೊತೆ ಕೈ

ಮಾರ್ಚ್ 3
ಇಂದು ಎರಡು ಚರ್ಚೆ. ಬೆಲೆಯೇರಿಕೆಗೆ ಆರು ಸಲ ಚಪ್ಪಾಳೆ ತಟ್ಟಿದೆ, ಬೆಲೆಯಿಳಿಕೆಗೆ ಏಳು ಸಲ. ಪಕ್ಷಪಾತವೇನಿಲ್ಲ. ಹನ್ನೊಂದು ವರ್ಷದಿಂದ ಈ ಚಾನೆಲ್ಲಿನ ಮುಂದಿನ ಸಾಲಿನ ಪ್ರೇಕ್ಷಕ ನಾನು. ಫ್ಲೋರ್ ಮ್ಯಾನೇಜರ್ ಫೈಲು ಎತ್ತಿದರೆ ನಾನು ತಟ್ಟಬೇಕು. ನಾನು ತಟ್ಟಿದರೆ ಹಿಂದಿನ ಅರವತ್ತು ಜನ ತಟ್ಟುತ್ತಾರೆ. ಅವರಿಗೆ ಫೈಲು ಕಾಣದು, ನನ್ನ ಕೈ ಕಾಣುತ್ತದೆ. ಪ್ರಜಾಪ್ರಭುತ್ವ ನನ್ನ ಅಂಗೈಯಲ್ಲಿದೆ ಎಂದರೆ ಹೆಂಡತಿ, "ಮೊದ್ಲು ಆ ಅಂಗೈಲಿ ಬಕೆಟ್ ಹಿಡೀರಿ, ನೀರು ಬಂದಿದೆ" ಎಂದಳು.

ಮಾರ್ಚ್ 5
ನಮ್ಮ ಬೀದಿಯ ಸರ್ಕಾರಿ ಶಾಲೆ ಮುಚ್ಚುತ್ತಾರಂತೆ. ಮಕ್ಕಳು ಕಡಿಮೆಯಂತೆ. ಮೊಮ್ಮಗಳು ಅಲ್ಲೇ ಮೂರನೇ ಕ್ಲಾಸು. ಇನ್ನೊಂದು ಶಾಲೆ ಹೆದ್ದಾರಿಯಾಚೆ... ಆ ಲಾರಿಗಳೋ!
"ತಾತ, ನೀನು ದಿನಾ ಟೀವೀಲಿ ಬರ್ತೀಯಲ್ಲ, ಹೇಳು."
"ನಾನು ಹೇಳೋನಲ್ಲ ಪುಟ್ಟಿ, ತಟ್ಟೋನು."
"ಮತ್ಯಾಕೆ ಹೋಗ್ತೀಯ?"


ಮಾರ್ಚ್ 9, ಸಂಜೆ 4
ಮೇಕಪ್ ಕೋಣೆಯ ಹೊರಗಿನ ಬೆಂಚು. ಇಂದು ಶಾಲೆಯದೇ ಚರ್ಚೆ — ನೇರಪ್ರಸಾರ. ಮಂತ್ರಿಗಳ ಎದುರಿಗೆ ನಮ್ಮ ಹೆಡ್‌ಮೇಡಂ. ಫ್ಲೋರ್ ಮ್ಯಾನೇಜರ್ ಕಿವಿಯಲ್ಲಿ ಹೇಳಿದ: "ಯಜಮಾನ್ರೇ, ಮಂತ್ರಿಗಳಿಗೆ ಜೋರಾಗಿ. ಮೇಡಂಗೆ ಕೈ ಕಟ್ಕೊಂಡು ಕೂತ್ಕೊಳ್ಳಿ. ಮೇಲಿಂದ ಬಂದಿದೆ." ತಪ್ಪಿದರೆ ಕುರ್ಚಿ ಹೋಯಿತು.

ಮಾರ್ಚ್ 10
ಅಂಗೈ ಇನ್ನೂ ಕೆಂಪು. ಮಂತ್ರಿಗಳು, "ಮುಚ್ಚುತ್ತಿಲ್ಲ, ವಿಲೀನ ಮಾಡುತ್ತಿದ್ದೇವೆ" ಎಂದರು. ಫೈಲು ಎದ್ದಿತು. ನನ್ನ ಕೈ ಏಳಲಿಲ್ಲ. ಹಿಂದೆ ಅರವತ್ತು ಜನ ಕಲ್ಲಾಗಿ ಕೂತರು. ಫೈಲು ಬೀಸಣಿಗೆಯ ಹಾಗೆ ಆಡಿತು. ಮಂತ್ರಿಗಳು ಚಪ್ಪಾಳೆಗೆಂದು ಬಿಟ್ಟ ಜಾಗದಲ್ಲಿ ಎಸಿ ಸದ್ದು ಮಾತ್ರ.
ಮೇಡಂ ಮೆಲ್ಲಗೆ ಕೇಳಿದರು: "ಹೆದ್ದಾರಿ ದಾಟ್ಸೋಕೆ ಯಾರು ಬರ್ತಾರೆ ಸಾರ್? ನೀವಾ?"
ತಟ್ಟಿಬಿಟ್ಟೆ. ಅರವತ್ತೊಂದು ಜೊತೆ ಕೈ! ಕ್ಯಾಮೆರಾದವನೂ ತೊಡೆ ತಟ್ಟಿಕೊಂಡನಂತೆ. ಚಿತ್ರ ಅಲುಗಿದ್ದು ಅದಕ್ಕೇ.
"ನಾಳೆಯಿಂದ ಬರ್ಬೇಡಿ ಯಜಮಾನ್ರೇ" ಎಂದ ಫ್ಲೋರ್ ಮ್ಯಾನೇಜರ್. ಆದರೆ ಲಿಫ್ಟಿನ ತನಕ ಬಂದು, "ನಾನೂ ಅಂಥದ್ದೇ ಶಾಲೇಲಿ ಓದ್ದೋನು" ಎಂದು ಕೈ ಕುಲುಕಿದ.

ಮಾರ್ಚ್ 14
ಬರೆಯಲು ಪುರುಸೊತ್ತಿರಲಿಲ್ಲ. ಮಂತ್ರಿಗಳು ಮೌನಕ್ಕೆ ಸಿಕ್ಕಿಬಿದ್ದ ತುಣುಕನ್ನು ಉಳಿದ ಚಾನೆಲ್ಲುಗಳು ತಿರುಗಾಮುರುಗಾ ತೋರಿಸಿದವು. ಶಾಲೆಯ ಗೇಟಿನ ಮುಂದೆ ಧರಣಿಗೆ ಮೊದಲ ದಿನ ಒಂಬತ್ತು ಜನ; ನಿನ್ನೆ ಬೀದಿ ಸಾಲಲಿಲ್ಲ. ಹೆಂಡತಿ ಮೈಕಿಲ್ಲದೆ ಭಾಷಣ ಮಾಡಿದಳು — ನಲವತ್ತು ವರ್ಷ ನನ್ನ ಮೇಲೆ ಮಾಡಿದ ಅಭ್ಯಾಸ. ಶಾಲೆ ಮುಚ್ಚುವ ಆದೇಶಕ್ಕೆ ಒಂದು ತಿಂಗಳ ತಡೆ!

ಮಾರ್ಚ್ 16, ಮಧ್ಯಾಹ್ನ 3
ನನ್ನನ್ನು ಹೊರಗಟ್ಟಿದ ಅದೇ ಚಾನೆಲ್ಲಿನಿಂದ ಫೋನು; ಈಗ ಊರೆಲ್ಲ ನೋಡುವ ಸುದ್ದಿ ಇದೇ ತಾನೆ. ಪೋಷಕರ ಪರ ಮಾತಾಡಬೇಕಂತೆ. ಅತಿಥಿಯ ಕುರ್ಚಿ! ಹನ್ನೊಂದು ವರ್ಷದಲ್ಲಿ ಅಲ್ಲಿ ತುಟಿ ಬಿಚ್ಚಿದವನಲ್ಲ.
"ಗಂಟಲು ಒಣಗಿದ್ರೆ ಏನ್ಮಾಡ್ಲೇ?" ಎಂದೆ ಹೆಂಡತಿಗೆ.
"ನೀರು ಕುಡೀರಿ. ಕೈ ಮಾತ್ರ ತೊಡೆ ಕೆಳಗಿಟ್ಕೊಳ್ಳಿ, ನಿಮ್ಮ ಮಾತಿಗೆ ನೀವೇ ತಟ್ಟೀರಿ!"
ಕಾರು ಬರುವುದರೊಳಗೆ ಬರೆದಿಟ್ಟುಕೊಳ್ಳಬೇಕು.
"ನಮಸ್ಕಾರ. ನಮ್ಮ ಶಾಲೆಯಲ್ಲಿ ಮೂವತ್ತೆಂಟು ಮಕ್ಕಳಿದ್ದಾರೆ. ಕಡಿಮೆ ಅಂತೀರಿ. ಒಬ್ಬೊಬ್ಬರ ಹೆಸರೂ ಹೇಳ್ತೀನಿ, ಕೇಳಿಸ್ಕೊಳ್ಳಿ. ಮೊದಲನೆಯವಳು —"
ಹಾರನ್! ಕಾರು ಬಂತು.