ಕಾಯಫನ ಹಸ್ತಲಾಘವ

ಮೇಲ್ಕೇರಿ, ಹಿಂಟರ್‌ಫೆಲ್ಡ್, ಟಿರೋಲ್
೧೯೫೮ ಮಾರ್ಚ್ ೬, ಗುರುವಾರ

ಬಿಯರಂಗಡಿಯಲ್ಲಿ ನೆರೆದಿರುವ ಮಹಾಜನರೇ, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು ಕೂತ ಹಿರಿಯರೇ, ಒಲೆಯ ಪಕ್ಕದ ಬೆಂಚಿಗಾಗಿ ತಳ್ಳಾಡುತ್ತಿರುವ ನಮ್ಮ ನಾಟಕದ ಹನ್ನೆರಡು ಮಂದಿ ಅಪೊಸ್ತಲರೇ, ನಿಮಗೆಲ್ಲ ನನ್ನ ಮೊದಲ ವಂದನೆ. ನನ್ನ ತಮ್ಮ ವೀಟುಸ್ ತನಗೆ ಬಂದ ಕಾಗದವನ್ನು ಒಬ್ಬನೇ ಓದುವ ಜಾತಿಯವನಲ್ಲ. ತನ್ನ ಅಂಗಡಿಯ ಮೇಜಿನ ಮೇಲೆ ಮೊಣಕೈ ಊರಿ, ಗ್ರಾಹಕರಿಗೆಲ್ಲ ಕೇಳುವಂತೆ ಓದುತ್ತಾನೆ. ಆದ್ದರಿಂದ ನಿಮ್ಮನ್ನು ಮೊದಲು ಮಾತಾಡಿಸಿದೆ. ಗ್ಲಾಸು ಕೆಳಗಿಟ್ಟು ಕೇಳಿ.

ಇನ್ನು ನಿನಗೆ, ತಮ್ಮಾ.

ನಿನ್ನ ಕಾಗದ ಸೋಮವಾರ ತಲುಪಿತು. ಹನ್ನೆರಡು ವರ್ಷ ಒಂದೇ ಚರ್ಚಿನ ಎರಡು ಮೂಲೆಯಲ್ಲಿ ಮಂಡಿಯೂರಿ, ಒಂದು ಮಾತೂ ಆಡದೆ ಬದುಕಿದವನು, ಈಗ ಕಾಲು ಮೈಲಿ ದೂರದ ಅಣ್ಣನಿಗೆ ಅಂಚೆಚೀಟಿ ಹಚ್ಚಿ ಕಾಗದ ಬರೆದಿದ್ದೀಯಲ್ಲ, ಕಾರಣ ನನಗೆ ಗೊತ್ತಿಲ್ಲವೇ? ಆರು ವರ್ಷಕ್ಕೊಮ್ಮೆ ಊರು ಆಡುವ ಕ್ರಿಸ್ತಯಾತನೆಯ ನಾಟಕದಲ್ಲಿ ಈ ಸಲ ಕ್ರಿಸ್ತನ ಪಾತ್ರ ನಿನಗೆ ಬಂದಿದೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಗುರುಗಳು ಒಬ್ಬೊಬ್ಬ ಪಾತ್ರಧಾರಿಯ ಹೆಸರು ಕೂಗುತ್ತಾರೆ. ‘ಈ ಊರಿನೊಳಗೆ ಇವನ ಮೇಲೆ ಮನಸ್ಸು ಮುರಿದವರಿದ್ದರೆ ಏಳಲಿ’ ಎನ್ನುತ್ತಾರೆ. ಎದ್ದವನೂ ಪಾತ್ರಧಾರಿಯೂ ಅಲ್ಲೇ ಕೈ ಕೊಟ್ಟುಕೊಳ್ಳಬೇಕು. ಕೈ ಸೇರದಿದ್ದರೆ ಪಾತ್ರ ಹೋಯಿತು. ಮುತ್ತಾತಂದಿರು ಪ್ಲೇಗಿನ ಕಾಲದಲ್ಲಿ ಹರಕೆ ಹೊತ್ತಾಗ ಮಾಡಿದ ಕಟ್ಟಳೆ. ಏಳುವವನು ಒಬ್ಬನೇ, ಅವನು ಮೇಲ್ಕೇರಿಯಲ್ಲಿ ಮರ ಕೊಯ್ಯುವ ಮಿಲ್ಲು ನಡೆಸುತ್ತಾನೆ ಎಂಬುದು ನಿನಗೆ ಗೊತ್ತು.

ಹೋದ ವರ್ಷದ ಬೂದಿ ಬುಧವಾರದಿಂದ ನೀನು ಕೂದಲು ಕತ್ತರಿಸಿಲ್ಲ, ದಾಡಿ ಬಿಟ್ಟಿದ್ದೀಯ. ಚೆನ್ನಾಗಿ ಬೆಳೆದಿದೆ. ದಾಡಿ ಬಿಟ್ಟವರೆಲ್ಲ ಲೋಕರಕ್ಷಕರಾಗುವುದಾದರೆ ನನ್ನ ಹೋತವನ್ನೂ ಶಿಲುಬೆಗೆ ಏರಿಸಬಹುದು. ಅದಕ್ಕೂ ಅಭಿನಯ ಬರುತ್ತದೆ. ಹಿಟ್ಟಿನ ಬುಟ್ಟಿ ಕಂಡರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತದೆ.

ಮತ್ತೆ ಆ ನಿನ್ನ ವಾಕ್ಯ. ‘ಒಂದು ವೇಳೆ ನನ್ನಿಂದ ತಿಳಿದೋ ತಿಳಿಯದೆಯೋ ತಮ್ಮ ಮನಸ್ಸಿಗೆ ನೋವಾಗಿದ್ದಲ್ಲಿ ಕ್ರೈಸ್ತ ಸಹೋದರ ಭಾವದಿಂದ ಮನ್ನಿಸಬೇಕಾಗಿ ಕೋರಿಕೆ.’ ಇಷ್ಟು ತಣ್ಣನೆಯ ಮಾತು ನಿನ್ನ ನೆಲಮಾಳಿಗೆಯ ಪೀಪಾಯಿಯಲ್ಲೂ ಇರಲಿಕ್ಕಿಲ್ಲ.

ತಿಳಿಯದೆ ಆದದ್ದು ಏನೆಂದು ಸಭೆಗೆ ಹೇಳುತ್ತೇನೆ. ಒಲೆಯ ಪಕ್ಕ ಹೊಸಬರು ಕೂತಿದ್ದರೆ ಅವರಿಗೂ ತಿಳಿಯಲಿ. ಹನ್ನೆರಡು ವರ್ಷದ ಹಿಂದೆ ಇಂಥದೇ ಭಾನುವಾರ. ಮಾತೆ ಮರಿಯಳ ಪಾತ್ರಕ್ಕೆ ನನ್ನ ಮಗಳು ನೋಟ್‌ಬುರ್ಗಾಳ ಹೆಸರು ಕೂಗಿದರು. ಅವಳಿಗೆ ಇಪ್ಪತ್ತು. ಎದ್ದು ನಿಂತವನು ಅವಳ ಸ್ವಂತ ಚಿಕ್ಕಪ್ಪ. ‘ಸ್ವಾಮಿ, ಇವಳು ಮರಿಯಮ್ಮನ ವೇಷ ಹಾಕೋ ಹಾಗಿಲ್ಲ. ಹೊಟ್ಟೇಲಿ ಫ್ರೆಂಚ್ ಸಿಪಾಯಿಯ ಕೂಸಿದೆ’ ಅಂದೆ ನೀನು. ನಿನ್ನ ಹೆಂಡತಿಯ ತಂಗಿಗೆ ಆ ಪಾತ್ರ ಸಿಕ್ಕಿತು. ಆಕೆಯ ಮರಿಯಮ್ಮನನ್ನು ನೋಡಿದವರಿಗೆ ಕ್ರಿಸ್ತನಿಗಿಂತ ಪ್ರೇಕ್ಷಕರ ಯಾತನೆಯೇ ಹೆಚ್ಚೆನಿಸಿತು. ಅದು ಬೇರೆ ಮಾತು.

ಸೋಮವಾರವೇ ನಿರ್ಧರಿಸಿದ್ದೆ: ಏಳುತ್ತೇನೆ, ಕೈಯನ್ನು ಜೇಬಿನಿಂದ ತೆಗೆಯುವುದಿಲ್ಲ. ನನ್ನದು ಈ ಸಲವೂ ಕ್ರಿಸ್ತನಿಗೆ ಮರಣ ವಿಧಿಸುವ ಮಹಾಯಾಜಕ ಕಾಯಫನ ಪಾತ್ರ; ಮಂಗಳವಾರ ಅವನ ನಿಲುವಂಗಿಯ ಅಳತೆಗೆ ಕ್ರೆಸೆಂಟಿಯಾಳ ಮನೆಗೆ ಹೋದೆ. ನಾಲ್ಕು ನಾಟಕಗಳಿಂದ ಊರಿನ ವೇಷಗಳನ್ನೆಲ್ಲ ಹೊಲಿಯುವ ಆ ಮುದುಕಿಗೆ ನಾನು ಇವತ್ತಿಗೂ ಚಿಕ್ಕ ಹುಡುಗನೇ.

‘ಉಸಿರು ಬಿಗಿ ಹಿಡೀಬೇಡ ಕಣೋ. ಹೊಟ್ಟೆ ಎಷ್ಟಿದ್ಯೋ ಅಷ್ಟೇ ಇರ್ಲಿ, ನಾಳೆ ಸಭೆ ಮಧ್ಯೆ ಹೊಲಿಗೆ ಬಿಟ್ರೆ ನಂಗೆ ಕೆಟ್ಟ ಹೆಸರು’ ಅಂದಳು.

ನಿನ್ನ ಕಾಗದ ತೋರಿಸಿದೆ. ಓದುವ ಮೊದಲೇ ನಕ್ಕಳು. ‘ನಿಂಗೂ ಬಂತಾ? ತಗೋ, ನಂದೂ ನೋಡು’ ಅಂದು ಗುಂಡಿಗಳ ಡಬ್ಬಿಯಿಂದ ಇನ್ನೊಂದು ಕಾಗದ ತೆಗೆದಳು. ಅದೇ ಕಾಗದ, ಅದೇ ಒಂದು ವೇಳೆ, ಅದೇ ಸಹೋದರ ಭಾವ. ‘ಅವನ ನಾಯಿ ನನ್ನ ಹೆಬ್ಬಾತು ತಿಂದಿದ್ದಕ್ಕೆ ಬಂದಿದ್ದು ಇದು. ಮೇಷ್ಟ್ರು ಒಂದು ಬರ್ದುಕೊಟ್ರಂತೆ, ಅವನು ಐದು ನಕಲು ಮಾಡ್ದ.’

ಕಿಟಕಿಯ ಗಾಜು ಅದುರುವ ಹಾಗೆ ನಕ್ಕೆ. ‘ಭಾನುವಾರ ಬಾ ಅಕ್ಕ, ಅವನ ದಾಡಿ ಉದುರೋ ಹಾಗೆ ಏಳ್ತೀನಿ’ ಅಂದೆ.

ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳಿದಳು: ‘ಏಳಪ್ಪ, ಯಾರು ಬೇಡ ಅಂತಾರೆ. ಆದ್ರೆ ನೋಟ್‌ಬುರ್ಗಾ ಹತ್ರ ಅವನು ಮೇಷ್ಟ್ರ ಮಾತು ಹೊತ್ಕೊಂಡು ಹೋಗ್ಲಿಲ್ಲ.’

ಆಮೇಲೆ ಕೇಳಿದ್ದನ್ನು ನಿಂತೇ ಕೇಳಿದೆ, ಒಂದು ತೋಳು ಅಂಗಿಯೊಳಗೆ, ಇನ್ನೊಂದು ಹೊರಗೆ. ಅದೇ ವರ್ಷದ ಶರತ್ಕಾಲದಲ್ಲಿ ನೀನು ಇನ್ಸ್‌ಬ್ರುಕ್‌ಗೆ ಹೋದೆಯಂತೆ. ಅವಳು ಆಸ್ಪತ್ರೆಯ ದುಪ್ಪಟಿಗಳನ್ನು ಇಸ್ತ್ರಿ ಮಾಡುವ ಜಾಗದಲ್ಲಿ, ಹಬೆಯ ನಡುವೆ, ಟೋಪಿ ಕೈಯಲ್ಲಿ ಹಿಡಿದು ನಿಂತೆಯಂತೆ. ‘ನಾನು ಮಾಡಿದ್ದು ನೀಚತನ. ಕಾರಣ ಹೇಳಕ್ಕೆ ಬಂದಿಲ್ಲ’ ಅಂದೆಯಂತೆ. ಅವಳು ಹನ್ನೊಂದು ದುಪ್ಪಟಿ ಇಸ್ತ್ರಿ ಮಾಡಿದಳಂತೆ. ಹನ್ನೆರಡನೆಯದಕ್ಕೆ, ‘ಚಿಕ್ಕಪ್ಪ, ಆ ತುದಿ ಹಿಡ್ಕೋ, ಮಡಚಬೇಕು’ ಅಂದಳಂತೆ. ಅಷ್ಟೇ. ತಿಂಗಳಾಗುವ ಮೊದಲು ಅವಳ ಮಗುವಿನ ಜ್ಞಾನಸ್ನಾನಕ್ಕೆ ನೀನೇ ಜ್ಞಾನತಂದೆ. ಹೆಣ್ಣು ಮಗು. ಪ್ರತಿ ಚಳಿಗಾಲ ಹಂದಿ ಕಡಿದ ಮೇಲೆ ಹೊಗೆಯಾಡಿಸಿದ ಮಾಂಸ ತೆಗೆದುಕೊಂಡು ಹೋಗಿ ಬರುತ್ತೀಯಂತೆ.

‘ನಂಗ್ಯಾಕೆ ಯಾರೂ ಹೇಳ್ಲಿಲ್ಲ?’ ಅಂದೆ.

‘ಅವಳು ಬದುಕಿದಾಳಾ ಸತ್ತಿದಾಳಾ ಅಂತ ನೀನು ಯಾವತ್ತು ಕೇಳಿದ್ದೆ? ತೋಳು ಮೇಲೆತ್ತು’ ಅಂದಳು.

ಇದನ್ನು ಕೇಳಿ ನಿನ್ನ ಮೇಲಿನ ನನ್ನ ತಿರಸ್ಕಾರ ಕಡಿಮೆಯಾಯಿತೆಂದು ಹಿಗ್ಗಬೇಡ. ಇಮ್ಮಡಿಯಾಗಿದೆ. ಕ್ಷಮೆ ಕೇಳುವುದು ಹೇಗೆಂದು ಗೊತ್ತಿಲ್ಲದ ಮೂರ್ಖ ಎಂದುಕೊಂಡಿದ್ದೆ, ಮೂರ್ಖನನ್ನು ಸಹಿಸಬಹುದು. ನೀನು ಬಲ್ಲವನು. ಒಮ್ಮೆ ಸರಿಯಾಗಿ ಮಾಡಿದವನು. ಅಷ್ಟು ಬಲ್ಲವನು ಸ್ವಂತ ಅಣ್ಣನಿಗೂ ಹೆಬ್ಬಾತಿಗೂ ಒಂದೇ ನಕಲು ಸಾಕು ಅಂದುಕೊಂಡೆಯಲ್ಲ! ಪ್ರಾಮಾಣಿಕವಾದ ಮಾತನ್ನು ಹಬೆಯಲ್ಲಿ ಬಚ್ಚಿಟ್ಟು, ಊರಿಗೆ ಮೇಷ್ಟ್ರ ಮಾತು ಹಂಚಿದೆ.

ಇನ್ನು ಮುಂದಿನದನ್ನು ದನಿ ತಗ್ಗಿಸದೆ ಓದು, ಮಹಾಜನರು ಕೇಳಲಿ.

ನೀನು ಚರ್ಚಿನಲ್ಲಿ ಒಂದು ವಾಕ್ಯ ಹೇಳಿ ಕೂತೆ. ಅದೇ ಮಧ್ಯಾಹ್ನ ಅವಳ ಪೆಟ್ಟಿಗೆಯನ್ನು ಅಂಚೆ ಬಸ್ಸಿಗೆ ಹೊತ್ತವನು ಯಾರು? ನಾನು. ‘ಅಪ್ಪಾ, ಎಲ್ಲಿಗೆ ಹೋಗ್ಲಿ?’ ಅಂದಳು. ‘ಬಸ್ಸು ಎಲ್ಲಿಗೆ ಹೋಗುತ್ತೋ ಅಲ್ಲಿಗೆ’ ಅಂದೆ. ಒಳ್ಳೆಯ ಸಂಭಾಷಣೆ, ಅಲ್ಲವೇ? ಮಿಲ್ಲಿನ ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಕಂಠ, ಬಸ್ಸಿನೊಳಗಿದ್ದವರಿಗೆಲ್ಲ ಕೇಳಿಸಿತು.

ಆ ವರ್ಷ ನಾನು ಕಾಯಫ. ಆರು ವರ್ಷದ ಮೇಲೆ ಮತ್ತೆ ಕಾಯಫ. ಆ ಎರಡನೆಯ ಸಲ ಗುರುಗಳು ನನ್ನ ಹೆಸರು ಕೂಗಿ, ಈ ಊರಿನೊಳಗೆ ಮನಸ್ಸು ಮುರಿದವರಿದ್ದರೆ ಏಳಲಿ ಎಂದರು. ಊರಿನೊಳಗೆ ಯಾರೂ ಇರಲಿಲ್ಲ. ಏಳಬೇಕಾದವಳನ್ನು ನಾನೇ ಊರಾಚೆ ಇಟ್ಟಿದ್ದೆ. ನೀನಾದರೂ ಏಳಬಹುದಿತ್ತು, ಏಳಲಿಲ್ಲ, ಪಾತ್ರವನ್ನೂ ಕೇಳಲಿಲ್ಲ, ಹೊರಗೆ ನಿಂತು ಬಿಯರ್ ಮಾರಿದೆ. ನಾನು ಮಹಾಯಾಜಕನ ಕಿರೀಟ ಹೊತ್ತು ‘ಇವನು ಮರಣಕ್ಕೆ ಪಾತ್ರನು’ ಎಂದು ಗರ್ಜಿಸಿದೆ. ಮ್ಯೂನಿಕ್‌ನಿಂದ ಬಂದವರು ಚಪ್ಪಾಳೆ ತಟ್ಟಿದರು. ಕಾಯಫ ಅಂದರೆ ಇವನೇ ಅಂದರು. ಎಷ್ಟು ಸರಿಯಾಗಿ ಹೇಳಿದರೆಂದು ಈಗ ಅರ್ಥವಾಗುತ್ತಿದೆ.

ಹಾಗಾಗಿ ಭಾನುವಾರದ ವಿಷಯ. ನಿನ್ನ ಹೆಸರು ಕೂಗಿದಾಗ ಏಳುತ್ತೇನೆ. ನಡುಹಾದಿಗೆ ಬಂದು ಕೈ ಕೊಡುತ್ತೇನೆ. ಪ್ರೀತಿ ಉಕ್ಕಿ ಬಂತೆಂದು ತಬ್ಬಿಕೊಳ್ಳಲು ಬರಬೇಡ. ನಿನ್ನ ದಾಡಿಯ ವಾಸನೆ ನನಗಾಗದು. ನನ್ನ ಮಗಳು ಮನ್ನಿಸಿದ ಮೇಲೆ ಮನ್ನಿಸದಿರಲು ನಾನು ಯಾರು? ಅವಳ ನೋವಿನ ಮೇಲೆ ನನಗೆ ಏನು ಅಧಿಕಾರ? ಕೈ ಮೊದಲು ಕೊಡುತ್ತೇನೆ. ಮನಸ್ಸು ಮುದಿ ಎತ್ತಿನ ಹಾಗೆ, ಅದರ ಪಾಡಿಗೆ ಅದು ನಡೆದು ಬರಲಿ. ಆದರೆ ಕಾಯಫನ ಹೆಸರು ಕೂಗಿದಾಗಲೂ ಒಬ್ಬ ಏಳುತ್ತಾನೆ, ಆ ಕಾಯಫನೇ. ಊರಾಚೆಯ ಒಬ್ಬಳ ಕೈ ಸೇರದೆ ಆ ಪಾತ್ರ ನನಗೆ ಬೇಡ ಎನ್ನುತ್ತಾನೆ. ಬೇರೆಯವನನ್ನು ಈಗಲೇ ಗುರುತಿಸಿಟ್ಟುಕೊಳ್ಳಿ, ಕಂಠ ಇರುವವನಾಗಿರಲಿ.

ಬಿಟ್ಟರೂ ಬಿಡದ ನಿನ್ನ ಅಣ್ಣ,
ಕೊರ್ಬಿನಿಯಾನ್

ಮರೆತ ಮಾತು: ಮರೆತದ್ದಲ್ಲ, ಕ್ರೆಸೆಂಟಿಯಾಳಿಗೂ ಹೇಳದೆ ಮುಚ್ಚಿಟ್ಟದ್ದು. ನೋಟ್‌ಬುರ್ಗಾ ಮನೆ ಬಿಟ್ಟ ಮೂರನೆಯ ವರ್ಷ ಈಸ್ಟರ್‌ಗೆ ನನಗೊಂದು ಕಾರ್ಡು ಕಳಿಸಿದ್ದಳು. ‘ಅಪ್ಪಾ, ನಿನ್ನನ್ನು ಕ್ಷಮಿಸಿದ್ದೇನೆ. ಮಗುವನ್ನು ನೋಡಲು ಬಾ’ ಎಂದಿತ್ತು. ‘ನಿನ್ನ ಕ್ಷಮೆ ಕೇಳಿದವರು ಯಾರು?’ ಎಂದು ಅದರ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆದು ವಾಪಸು ಕಳಿಸಿದೆ. ಆಮೇಲೆ ಕಾಗದ ಬರಲಿಲ್ಲ. ನಾಳೆ ಬೆಳಗ್ಗೆ ಆರೂ ಹತ್ತರ ಬಸ್ಸಿಗೆ ಇನ್ಸ್‌ಬ್ರುಕ್‌ಗೆ ಹೊರಟಿದ್ದೇನೆ, ಕೇಳಲಿಕ್ಕೆ.