ಹೆಸರಿಲ್ಲದ ಒಂದು ಅಭಿಪ್ರಾಯ

ಪಿಯೆದ್ರಾ ಬ್ಲಾಂಕಾ, ಕೊಲರಾಡೊ
ಜನವರಿ 14, ಭಾನುವಾರ

ಪ್ರೀತಿಯ ತಮ್ಮ ದೆಲ್ಫಿನೊಗೆ,

ಹೇಗಿದ್ದೀಯ? ಪ್ಯೂಬ್ಲೊದ ಕಾರ್ಖಾನೆ ಹೊಗೆಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಸುಟ್ಟು ಸಿಪ್ಪೆ ತೆಗೆದ ಹಸಿಮೆಣಸಿನಕಾಯಿ ಎರಡು ಡಬ್ಬಿ ಕಳಿಸಿದ್ದೇನೆ. ನನ್ನ ಮೊಣಕಾಲು ಹಾಗೇ ಇದೆ.

ಶುಕ್ರವಾರ ನ್ಯಾಯಾಲಯದ ನನ್ನ ಕೋಣೆ ಖಾಲಿ ಮಾಡಿ ಬಂದೆ. ಹದಿನಾಲ್ಕು ವರ್ಷ ಜಡ್ಜ್ ಆಗಿದ್ದು, ಎದುರಾಳಿಯೇ ಇಲ್ಲದ ಚುನಾವಣೆಯಲ್ಲಿ ಸೋತೆ ನೋಡು. ಮತಪತ್ರದಲ್ಲಿ ನನ್ನ ಹೆಸರಿನ ಮುಂದೆ ‘ಇರಲಿ’, ‘ಬೇಡ’ ಅಂತ ಎರಡೇ ಮನೆ; ‘ಬೇಡ’ ಅಂದವರೇ ಇನ್ನೂರ ಹನ್ನೆರಡು ಮಂದಿ ಹೆಚ್ಚು. ಜಡ್ಜ್‌ಗಳನ್ನು ಅಳೆಯುವ ಸಮಿತಿ ವಕೀಲರನ್ನಷ್ಟೇ ಕೇಳಿದರೆ ಸಾಲದು, ಹಿಂದಿನ ಬೆಂಚಿನಲ್ಲಿ ಕೂತವರನ್ನೂ ಕೇಳಬೇಕು, ಹೆಸರು ಹಾಕದೆ ಬರೆಯಲು ಬಿಡಬೇಕು ಎಂದು ಊರೂರು ತಿರುಗಿ ವಾದಿಸಿ, ಆ ಪದ್ಧತಿ ತಂದವಳೂ ನಾನೇ. ಆಗ ಕಾರು ಓಡಿಸಿದವನು ನೀನು.

ಸಮಿತಿ ನನ್ನನ್ನು ಉಳಿಸಿಕೊಳ್ಳಬಹುದು ಎಂದೇ ಬರೆದಿತ್ತು. ಆದರೆ ವರದಿಯ ಕೊನೆಯ ಪುಟದಲ್ಲಿದ್ದ ಒಂದು ಅಭಿಪ್ರಾಯವನ್ನು ನನಗಾಗದವರು ರೇಡಿಯೊದಲ್ಲಿ ದಿನಕ್ಕೆ ಎಂಟು ಸಲ ಓದಿಸಿದರು. ನಮ್ಮೂರಿನ ತ್ರಾನ್ಸಿತೊ ಅಜ್ಜಿ ಮನೆ ಬಿಡಬೇಕೆಂದು ನಾನು ತೀರ್ಪು ಕೊಟ್ಟ ಮೊಕದ್ದಮೆಯದು. ‘ಮುದುಕಿ ಕಾರಲ್ಲಿ ದಾರಿಯುದ್ದಕ್ಕೂ ಮೂರು ಮಾತು ಬಾಯಿಪಾಠ ಮಾಡ್ಕೊಂಡು ಬಂದ್ಲು. ಜಡ್ಜಮ್ಮ ಮೊದಲನೇದನ್ನೂ ಮುಗಿಸೋಕೆ ಬಿಡ್ಲಿಲ್ಲ. ಗಡಿಯಾರ ನೋಡಿದ್ಲು.’

ರೊಟ್ಟಿ ಲಟ್ಟಿಸುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಆ ಕಾರಿನಲ್ಲಿ ಇದ್ದವರು ಇಬ್ಬರು. ಅಜ್ಜಿಗೆ ಓದುಬರಹ ಬಾರದು. ಅವಳ ಪಕ್ಕದ ಮನೆಯವನು, ಅವಳನ್ನು ಕೂರಿಸಿಕೊಂಡು ಬಂದವನು ನೀನು.

ಮರುದಿನ ಆ ಮೊಕದ್ದಮೆಯ ದಾಖಲೆ ತೆಗೆಸಿ ಓದಿದೆ. ಅಜ್ಜಿ ‘ನಮ್ಮ ಯಜಮಾನ್ರು ಸಾಯೋ ಮುಂಚೆ’ ಎಂದು ಶುರುಮಾಡಿದ್ದಾಳೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದಿದ್ದೇನೆ. ನೀನು ಸುಳ್ಳು ಬರೆದಿಲ್ಲ; ಅದಕ್ಕೇ ಇನ್ನೂ ಉರಿಯುತ್ತದೆ. ಮೊಕದ್ದಮೆಯ ಸಂಜೆ ನೀನು ನನ್ನ ಮನೆಯಲ್ಲೇ ಉಂಡೆ, ಪೊಸೋಲೆ ಸಾರು ಎರಡು ಸಲ ಬಡಿಸಿಕೊಂಡೆ. ‘ನಿನ್ ಕೈರುಚಿ ಥೇಟ್ ಅಮ್ಮಂದೇ ಕಣಕ್ಕ’ ಅಂದೆ. ಅಜ್ಜಿಯ ಸುದ್ದಿ ಎತ್ತಲಿಲ್ಲ. ಅಕ್ಟೋಬರಿನಲ್ಲಿ ವರದಿ ಹೊರಬಿದ್ದ ವಾರವೇ ನೀನು ಹೇಳದೆ ಕೇಳದೆ ಊರು ಬಿಟ್ಟೆ. ಎದುರು ನಿಂತು ಬೈದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆವು. ಸೋತಿದ್ದನ್ನು ನುಂಗಿಕೊಂಡೆ ಮಾರಾಯ, ಆ ಊಟ ಮಾತ್ರ ಗಂಟಲಿನಿಂದ ಇಳಿಯುತ್ತಿಲ್ಲ.

ಅಜ್ಜಿ ಈಗ ಮಗಳ ಮನೆಯಲ್ಲಿದ್ದಾಳೆ. ಹೋಗಿದ್ದೆ. ಆವತ್ತಿನ ಮೂರು ಮಾತು ಯಾವುವು, ಈಗಲಾದರೂ ಹೇಳಿ ಎಂದು ಕೇಳಿದೆ. ‘ಈಗ್ಯಾಕೆ ಬಿಡವ್ವ, ಮರ್ತೋಯ್ತು’ ಅಂದು ಕಾಫಿ ಕೊಟ್ಟಳು.

ಮೇರಿಮಾತೆ ನಿನ್ನನ್ನು ಕಾಯಲಿ. ಹೊಸ ಕೆಲಸ, ಕೈಕಾಲು ಜೋಪಾನ.

ನಿನ್ನ ಅಕ್ಕ,
ಎಲೋಯಿಸಾ

ತಾ.ಕ.: ಅಭಿಪ್ರಾಯ ಬರೆಯುವವರು ಹೆಸರು, ವಿಳಾಸ ಕೊಡಲೇಬೇಕೆಂಬ ಮಸೂದೆ ಬಂದಿದೆ. ಅದನ್ನು ತಂದವರು ನನಗಾದದ್ದನ್ನೇ ಉದಾಹರಣೆಯಾಗಿ ಹೇಳಲು ಬನ್ನಿ ಎಂದು ಕರೆದಿದ್ದಾರೆ. ಫೆಬ್ರವರಿ ಆರಕ್ಕೆ ಡೆನ್ವರಿನ ಶಾಸನಸಭೆಗೆ ಹೋಗಿ, ಹೆಸರು ಕೇಳಬಾರದು ಎಂದು ಹೇಳಿಬರುತ್ತೇನೆ. ಬಸ್ಸು ಪ್ಯೂಬ್ಲೊದಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ನಿಲ್ದಾಣಕ್ಕೆ ಬರಬೇಡ. ನಿನ್ನ ಮುಖ ನೋಡಲು ನನಗಿನ್ನೂ ಆಗುವುದಿಲ್ಲ.