ಮೂರು ಚುಕ್ಕಿ ಹಚ್ಚೆ

ಅವ್ವಾ,

ಇವತ್ತು ನಾನೂ ಹಚ್ಚೆ ಹಾಕಿಸ್ಕೊಂಡೆ. ಹಚ್ಚೆ ಹಾಕೋ ಹೆಂಗಸು ನಮ್ಮ ಓಲ್ಡ್ ಟೌನ್ ಬೀದಿಗೆ ಬಂದ್ರೆ ಮಂಚದ ಕೆಳಗೆ ಅವಿತುಕೊಳ್ತಿದ್ದ ನಾನೇ. ಶಿವಮೊಗ್ಗದ ಆಸ್ಪತ್ರೆಯಲ್ಲಿ, ಎದೆ ಮೇಲೆ ಮೂರು ಚುಕ್ಕಿ, ಸಾಸಿವೆಗಿಂತ ಸಣ್ಣವು. ಗಂಟು ತೆಗೆದ ಜಾಗಕ್ಕೆ ದಿನಾ ರೇಡಿಯೇಷನ್ ಕೊಡ್ತಾರಂತೆ. ಪ್ರತಿ ಸಲ ಕಿರಣ ಅದೇ ಜಾಗಕ್ಕೆ ಬೀಳೋಕೆ ಗುರುತು ಬೇಕಂತೆ. ಮಗಳು ರಕ್ಷಾಗೆ ಅದು ಬರೀ ಕೊಬ್ಬಿನ ಗಂಟು ಅಂತ ಹೇಳಿದ್ದೀನಿ.

"ಸೂಜಿ ನೋಡ್ಬೇಡ, ಹಾಕೋಳ ಮುಖ ನೋಡು" ಅಂತಿದ್ದೆಯಲ್ಲ, ಹಾಗೇ ಮಾಡಿದೆ. ಚುಕ್ಕಿ ಹಾಕಿದ ಆಸ್ಪತ್ರೆ ಹುಡುಗಿ ಮಾಸ್ಕ್ ಹಾಕಿದ್ಲು ಅವ್ವಾ. ಮುಖವೇ ಕಾಣಲಿಲ್ಲ.

"ಇದು ಅಳಿಸಲ್ಲ ಮೇಡಂ, ಸೋಪು ಹಚ್ಚಿದ್ರೂ ಹೋಗಲ್ಲ" ಅಂದ್ಲು. ಸತ್ತಾಗ ಬಂಗಾರ ಎಲ್ಲ ಬಿಚ್ಕೋತಾರೆ, ಜೊತೆಗೆ ಬರೋದು ಹಚ್ಚೆ ಒಂದೇ ಅಂತ ನೀನು ನಗ್ತಾ ಹೇಳ್ತಿದ್ದೆ. ಅಲ್ಲಿ ಮಲಗಿದ್ದಾಗ ಅದೇ ನೆನಪಾಗಿ ಕೈಕಾಲು ತಣ್ಣಗಾಯ್ತು. ಇನ್ನೂ ಬೆಚ್ಚಗಾಗಿಲ್ಲ.

ಸಂಜೆ ರಕ್ಷಾ ಮೊಬೈಲಲ್ಲಿ ಒಂದು ಟ್ಯಾಟೂ ತೋರಿಸಿದ್ಲು. ಮಣಿಕಟ್ಟಿಗೆ ಹಾಕಿಸ್ಕೊಳ್ಳಲಾ, ತುಂಬಾ ನೋವಾಗುತ್ತಾ ಅಂದ್ಲು.

"ಹೊಟ್ಟೆ ತುಂಬ ಉಂಡು ಹೋಗು. ಹೊಸ ಸೂಜಿ ಬಿಚ್ಚೋದನ್ನ ಕಣ್ಣಾರೆ ನೋಡು. ಯಾರ ಹೆಸರೂ ಬರೆಸ್ಬೇಡ. ಒಬ್ಬಳೇ ಮಾತ್ರ ಹೋಗ್ಬೇಡ ಮಾರಾಯ್ತಿ" ಅಂದೆ.

ಅವಳು ನಕ್ಕುಬಿಟ್ಲು. "ಹಾಕಿಸ್ಕೊಂಡು ಬಂದೋರ ಥರ ಹೇಳ್ತೀಯಲ್ಲಮ್ಮ."

ಸೆರಗು ಸರಿಮಾಡ್ಕೊಂಡೆ.

"ನಿಮ್ಮಜ್ಜಿ ಹೇಳ್ತಿದ್ಲು" ಅಂದೆ.